ಒಂದೇ 'ಸಾಕು' ಕಲಿತ ಮೈಲಾರಿ

ಗಜೇಂದ್ರಗಡದ ಗುಡ್ಡದ ಮೇಲಿನ ಕೋಟೆ ಇನ್ನೂ ಕತ್ತಲಲ್ಲಿದೆ. ಕೆಳಗೆ ಕಲ್ಯಾಣಮಂಟಪದ ಹಿತ್ತಲಲ್ಲಿ ಮಾತ್ರ ಆಗಲೇ ಬೆಳಗಾಗಿಹೋಗಿದೆ. ಅಡುಗೆಯ ಕೈಯಾಳು ಮದರಸಾಬ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಾರೆ. ಒಲೆಯ ಮೇಲಿನ ಕಡಾಯಿಯಲ್ಲಿ ಕುಟ್ಟಿದ ಗೋದಿ ಕುದಿಯುತ್ತಿದೆ. ಆಳೆತ್ತರದ ಹುಟ್ಟು ಹಿಡಿದು ಅದನ್ನು ತಿರುವುತ್ತಿರುವವರು ಅಡುಗೆಯ ಮೈಲಾರಿ. ಬೆಲ್ಲ ಕರಗಿ, ಗಸಗಸೆ ಕೊಬ್ಬರಿ ಬಿದ್ದ ಮೇಲೆ ಹುಗ್ಗಿಯ ಘಮ ಹಿತ್ತಲು ದಾಟಿ ಬೀದಿಗೆ ಹೋಗುತ್ತದೆ. ಇವರ ಬಗ್ಗೆ ಬರೆಯಲೆಂದು ಬಂದ ನನಗೆ ಬಾಯಲ್ಲಿ ನೀರು. ಮೈಲಾರಿ ಹುಟ್ಟಿನ ತುದಿಯಿಂದ ತುಸು ತೆಗೆದು, ಊದಿ ಆರಿಸಿ, ಹೆಂಡತಿ ರಾಜೇಶ್ವರಿಯ ಅಂಗೈಗೆ ಹಾಕುತ್ತಾರೆ.

"ಹ್ಯಾಂಗೈತಿ?"

"ಇನ್ನೊಂದ್ ಹಿಡಿ ಬೆಲ್ಲ ಬೇಡತೈತಿ ನೋಡ್ರಿ."

ಬೆಲ್ಲ ಬೀಳುತ್ತದೆ. ಅಡುಗೆಯವರು ತಾವು ಮಾಡಿದ್ದನ್ನು ತಾವೇ ರುಚಿ ನೋಡದಿರುವುದು ನನಗೆ ಹೊಸದು. ಕೇಳಿದರೆ ಮೈಲಾರಿ ನಗುತ್ತಾರೆ. "ನಾ ಬೆಲ್ಲ ಮುಟ್ಟಿದ್ರ ಮೈಯೆಲ್ಲಾ ಬೆವತು, ಕಣ್ಣಿಗೆ ಕತ್ತಲಿ ಬರತೈತ್ರಿ. ಈಗ ಆಕಿ ನಾಲಿಗಿನ ನನ್ನ ನಾಲಿಗಿ." ರಾಜೇಶ್ವರಿ ಬಿಡುವವರಲ್ಲ: "ಮದುವಿ ಆದಾಗಿಂದ ನನ್ನ ಮಾತ ಒಂದೂ ಕೇಳ್ಲಿಲ್ರಿ. ಬೆಲ್ಲದ ವಿಷಯಕ್ಕರ ಕೇಳಾಕತ್ಯಾರ, ಅಷ್ಟ ಪುಣ್ಯ."

ರೋಣ, ನರಗುಂದ, ಗಜೇಂದ್ರಗಡದ ಸುತ್ತಿನಲ್ಲಿ ನೀವು ಯಾವುದಾದರೂ ಮದುವೆಯಲ್ಲೋ ಸೀಮಂತದ ಕುಬಸದಲ್ಲೋ ಊಟಕ್ಕೆ ಕೂತಿದ್ದರೆ ಮೈಲಾರಿ ನಿಮ್ಮ ಮುಂದೆ ಹಾದುಹೋಗಿರುತ್ತಾರೆ. ನೆನಪಿರಲಿಕ್ಕಿಲ್ಲ. ನೀಡುವವರ ಮುಖವನ್ನು ಯಾರು ನೋಡುತ್ತಾರೆ, ಎಲ್ಲರ ಕಣ್ಣೂ ಬಕೆಟ್ಟಿನ ಮೇಲೆ. ಊಟ ಬಡಿಸುವುದಕ್ಕೆ ಈ ಕಡೆ 'ನೀಡುವುದು' ಎನ್ನುತ್ತಾರೆ. ಅಡುಗೆ ಮಾಡುವುದು, ಆಮೇಲೆ ತಾವೇ ಪಂಕ್ತಿಗೆ ಇಳಿದು ನೀಡುವುದು, ಇವೆರಡೂ ಮೈಲಾರಿಯವರ ಕಸುಬು. ನೀಡುವುದರಲ್ಲಿ ಅವರದು ದೊಡ್ಡ ಹೆಸರು. ಹಿಂದೆಲ್ಲ ಜನ ಅವರನ್ನು ಕರೆಯುತ್ತಿದ್ದುದೇ 'ಒತ್ತಾಯದ ಮೈಲಾರಿ' ಎಂದು.

ಒತ್ತಾಯವಿಲ್ಲದ ಊಟ ಊಟವೇ ಅಲ್ಲ ಎನ್ನುವ ಸೀಮೆ ಇದು. ಹುಗ್ಗಿ ಎಷ್ಟೇ ಚೆನ್ನಾಗಿರಲಿ, 'ಇನ್ನೊಂಚೂರು' ಅನ್ನುವವರು ಇಲ್ಲದಿದ್ದರೆ ಬೀಗರು ಆ ಮನೆಯವರನ್ನು ಜುಗ್ಗರು ಎಂದು ಊರಿಗೆಲ್ಲ ಸಾರಿಕೊಂಡು ಬರುತ್ತಾರೆ. ಮೈಲಾರಿಯವರ ತಂದೆ ಮಾಳಿಂಗರಾಯ ಕೂಡ ನೀಡುವವರೇ. ಅವರು ಮಗನಿಗೆ ಕಲಿಸಿದ್ದು ಒಂದೇ ಪಾಠ.

"ಮೊದಲನೇ ಸಾಕು ನಾಚಿಕಿದು, ಎರಡನೇದು ರೂಢಿದು, ಮೂರನೇದು ಖರೇದು. ಮೂರನೇದು ಬರೋತನಾ ಕೈ ತಡೀಬ್ಯಾಡ ಅಂತಿದ್ದ್ರಿ ನಮ್ಮಪ್ಪ." ಮೈಲಾರಿ ಹುಟ್ಟನ್ನು ಮದರಸಾಬರ ಕೈಗೆ ಕೊಟ್ಟು ಅದನ್ನು ಆಡಿಯೇ ತೋರಿಸುತ್ತಾರೆ. ಮೊದಲು 'ಸಾಕ್ರಿ' ಎಂದಾಗ ಕೈ ತಾಟಿನಿಂದ ದೂರವೇ ಇರುತ್ತದೆ. ಎರಡನೆಯ ಸಲ ಅಂಗೈ ತಾಟಿನ ಮೇಲೆ ಬರುತ್ತದೆ, ಆದರೆ ಬೆರಳು ಬಿಡಿಸಿಕೊಂಡಿರುತ್ತವೆ, ಸಂದಿಯಲ್ಲಿ ಹುಗ್ಗಿ ಇಳಿಯುವಷ್ಟು ಜಾಗ ಇರುತ್ತದೆ. ಮೂರನೆಯದಕ್ಕೆ ಇಡೀ ಮೈ ತಾಟಿನ ಮೇಲೆ ಬಾಗುತ್ತದೆ, "ಏ ಮಾರಾಯಾ, ಸಾಕೋ!" ನಾನು ನಕ್ಕೆ. ನನ್ನ ಬೆರಳೂ ಬಿಡಿಸಿಕೊಂಡೇ ಇರುವುದು ನನಗೆ ಗೊತ್ತು.

ಈ ಪಾಠ ಅವರ ಸ್ವಂತ ತಾಟಿಗೂ ಅನ್ವಯವಾಯಿತು. ಎಲ್ಲ ಪಂಕ್ತಿ ಮುಗಿದ ಮೇಲೆ ಅಡುಗೆಯವರ ಪಂಕ್ತಿ ಕೂರುತ್ತದೆ. ಅದಕ್ಕೆ ಮನೆಯ ಯಜಮಾನರೇ ಬಕೆಟ್ಟು ಹಿಡಿದು ನೀಡಬೇಕು, ಅದು ಈ ಕಡೆಯ ಮರ್ಯಾದೆ. ಇಡೀ ದಿನ ಹೊಗೆ ಕುಡಿದವನಿಗೆ ಯಜಮಾನರು ಪ್ರೀತಿಯಿಂದ ನೀಡಿದ್ದನ್ನು ಬೇಡ ಅನ್ನಲಾಗುತ್ತದೆಯೇ? ಮೈಲಾರಿ ಮೂರನೆಯ ಸಾಕಿನವರೆಗೂ ಉಂಡರು. ಮದುವೆಯ ಹಂಗಾಮಿನಲ್ಲಿ ದಿನಾಲೂ ಉಂಡರು. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಮಲಗಿದಾಗ ಉಸಿರು ನಿಂತು ನಿಂತು ಬರತೊಡಗಿತು. ಉಸಿರು ನಿಂತಾಗೆಲ್ಲ ರಾಜೇಶ್ವರಿ ಎದ್ದು ಅಲುಗಿಸಬೇಕು. ಕೊನೆಗೆ ನೆಲದ ಪಂಕ್ತಿಗೆ ಬಗ್ಗಿ ನೀಡುವುದೇ ಆಗಲಿಲ್ಲ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

"ನಮ್ಮಪ್ಪ ನನ್ನಂಗ ಇದ್ದಾಂವ್ರಿ. ನರಗುಂದದಾಗ ಒಂದು ಮದುವ್ಯಾಗ ಬಕೀಟ ಹಿಡಕೊಂಡು ಬಗ್ಗಿದಾಂವ ಮ್ಯಾಲೆ ಏಳಲಿಲ್ಲ. ನನಗ ಅದ ದಾರಿ ಕಾಣಾಕತ್ತಿತ್ತು." ಇದನ್ನು ಹೇಳುವಾಗ ಮೈಲಾರಿ ನಗುವುದಿಲ್ಲ.

ಹುಬ್ಬಳ್ಳಿಯ ವೈದ್ಯರು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೇಳಿದರು. ಹೊಟ್ಟೆಯ ಚೀಲದ ಹೆಚ್ಚು ಪಾಲನ್ನು ತೆಗೆದು ಒಂದು ಬಾಳೆಹಣ್ಣಿನಷ್ಟು ಉಳಿಸುವ ಕೆಲಸ ಅದು. ಆದರೆ ಕತ್ತರಿಗಿಂತ ಮೊದಲು ಬಂದದ್ದು ಪಥ್ಯ. ಆ ಪಥ್ಯ ಹೇಳಿದವರು ಅದೇ ಆಸ್ಪತ್ರೆಯ ಆಹಾರ ಸಲಹೆಗಾರ್ತಿ ಮಯೂರಿ, ನರಗುಂದದ ಮನೆತನದವರು. ಅವರನ್ನು ಫೋನಿನಲ್ಲಿ ಮಾತಾಡಿಸಿದೆ. "ಮೈಯಾಗ ಕೊಬ್ಬು ಜಾಸ್ತಿ ಇದ್ದವರಿಗೆ ಪಿತ್ತಜನಕಾಂಗನೂ ಉಬ್ಬಿ ಹೊಟ್ಟಿ ಮ್ಯಾಲೆ ಕೂತಿರತದ ನೋಡ್ರಿ. ಅದು ಒಂದೀಟು ಇಳಿದ್ರನ ಡಾಕ್ಟರಿಗೆ ಕೈ ಆಡಸಲಿಕ್ಕೆ ಜಾಗಾ ಸಿಗತದ. ಇನ್ನೊಂದು, ಆಮ್ಯಾಲೆ ಹ್ಯಾಂಗ ಉಣಬೇಕೋ ಅದನ್ನ ಮೊದಲ ಕಲತಿರಬೇಕು. ಹೊಟ್ಟಿ ಸಣ್ಣದಾದ ಮ್ಯಾಲೆ ಕಲೀತೀನಿ ಅಂದ್ರ ಆಗೂದಿಲ್ಲ."

ಹಾಗಾಗಿ ಕೆಲವು ವಾರ ಮೈಲಾರಿ ಹುಗ್ಗಿಯ ಕಡಾಯಿಯ ಮುಂದೆ ಕೂತು ಸೌತೆಕಾಯಿ ತಿಂದರು. ಅನ್ನ, ಸಿಹಿ, ಎಣ್ಣೆಯದು ಬಂದ್. ಹೆಸರುಕಾಳು, ಸೊಪ್ಪುತಪ್ಪಲ ಪಲ್ಯ, ನೀರುಮಜ್ಜಿಗೆ ಅಷ್ಟೇ. ಒಂದು ತುತ್ತು ಬಾಯಿಗಿಟ್ಟರೆ ಕೈ ಕೆಳಗಿಡಬೇಕು, ಅಗಿದು ಅಗಿದು ಅದು ಗಂಜಿಯಾದ ಮೇಲೆ ನುಂಗಬೇಕು. ಊಟದ ನಡುವೆ ನೀರು ಕುಡಿಯಬಾರದು. "ಹಸಿವಿಗಿಂತ ಕೈಗೆ ಕೆಲಸ ಇಲ್ಲದ್ದ ಭಾಳ ತ್ರಾಸ ಆತ್ರಿ," ಎನ್ನುತ್ತಾರೆ. ರುಚಿ ನೋಡುವ ನೆಪದಲ್ಲಿ ತಾವು ಎಷ್ಟು ತಿನ್ನುತ್ತಿದ್ದರೆಂಬುದು ಅವರಿಗೆ ಆಗಲೇ ತಿಳಿದದ್ದು. ಉಪ್ಪಿಗೊಂದು ಹಿಡಿ, ಹುಳಿಗೊಂದು ಹಿಡಿ, 'ಬೆಂದೈತೋ ಇಲ್ಲೋ' ಎಂದು ಮತ್ತೊಂದು ಹಿಡಿ. ಊಟಕ್ಕೆ ಕೂರುವ ಮೊದಲೇ ಒಂದು ಊಟ ಆಗಿರುತ್ತಿತ್ತು.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಾಗ ತೆಳ್ಳಗಿರುವುದನ್ನು ಮಾತ್ರ ಗುಟುಕು ಗುಟುಕಾಗಿ ಕುಡಿಯಬೇಕೆಂದು ಮಯೂರಿ ಹೇಳಿದ್ದರು. ರಾಜೇಶ್ವರಿ ಬೇಳೆಯ ಕಟ್ಟು ಸೋಸಿ ಕೊಟ್ಟರು, ಮಜ್ಜಿಗೆ ಕೊಟ್ಟರು. ಆದರೆ ಅಡುಗೆಯವನ ತಲೆ ಸುಮ್ಮನಿರುವುದೇ? ಲೋಕದಲ್ಲಿ ತೆಳ್ಳಗೆ ಮಾಡಲಾಗದ್ದು ಯಾವುದಿದೆ ಎಂದು ಯೋಚಿಸಿದ ಮೈಲಾರಿ, ಹೆಂಡತಿ ಹೊಳೆಗೆ ಹೋದ ಹೊತ್ತು ನೋಡಿ, ಪಕ್ಕದ ಮನೆಯಿಂದ ಬಂದ ಹುಗ್ಗಿಯನ್ನು ಹಾಲಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ಕುಡಿದುಬಿಟ್ಟರು. ಎದೆ ಬಡಿದುಕೊಂಡು, ಬೆವತು, ತಲೆ ತಿರುಗಿ ಪಡಸಾಲೆಯಲ್ಲಿ ಬಿದ್ದುಕೊಂಡವರು ಮಯೂರಿಗೆ ಫೋನು ಮಾಡಿ ಹೇಳಿದ್ದೇನು ಗೊತ್ತೇ? "ತೆಳ್ಳಗ ಅಂದಿದ್ರಿ, ತೆಳ್ಳಗ ಮಾಡೀನಿ ಅಕ್ಕಾರ." ಮಯೂರಿ ಈಗಲೂ ಅದನ್ನು ನೆನೆದು ನಗುತ್ತಾರೆ. ಅವತ್ತು ಮಾತ್ರ ನಕ್ಕಿರಲಿಲ್ಲವಂತೆ.

ಅದೇನೋ ನಗೆಯಲ್ಲಿ ಮುಗಿಯಿತು. ಹೊಳೆಆಲೂರಿನಲ್ಲಿ ಆದದ್ದು ನಗುವಂಥದ್ದಲ್ಲ.

ತಿಂಗಳುಗಳು ಕಳೆದಿದ್ದವು. ಮೈಲಾರಿಯವರ ತೂಕ ಇಳಿದಿತ್ತು, ಬಗ್ಗಲು ಬರುತ್ತಿತ್ತು, ಮತ್ತೆ ಕೆಲಸ ಹಿಡಿದಿದ್ದರು. ಹೊಳೆಆಲೂರಿನ ರೈತ ಮಲ್ಲೇಶಪ್ಪನವರ ಮನೆಯ ಮದುವೆ. ಕೊನೆಯ ಪಂಕ್ತಿಗೆ ಮಲ್ಲೇಶಪ್ಪನವರೇ ನೀಡಲು ಬಂದರು. ಮೈಲಾರಿ ನಾಲ್ಕು ತುತ್ತು ಉಂಡು 'ಸಾಕ್ರಿ ಯಜಮಾನ್ರ' ಎಂದರು. ಯಜಮಾನರು ನಕ್ಕು ನೀಡಿದರು. ಮತ್ತೆ ಸಾಕೆಂದರು. "ನಮಗೆಲ್ಲಾ ಮೂರ್ ಸಲ ಅನಿಸಿ ನೀಡಾಂವ ನೀ, ನಿನ್ನ ಎರಡನೇ ಸಾಕಿಗೆ ನಾ ಬಿಡತೀನೇನೋ?" ಎಂದು ಮಲ್ಲೇಶಪ್ಪ ಇನ್ನೊಂದು ಸೌಟು ಹಾಕಿದರು. ಎದುರಿಗೆ ಅವರ ಹೆಂಡತಿ, ತಮ್ಮಂದಿರು, ಬೀಗರು ನಿಂತಿದ್ದರು. ಮೈಲಾರಿ ಉಂಡರು. ಕೈ ತೊಳೆಯಲು ಎದ್ದವರು ಹಿತ್ತಲ ಕಲ್ಲಿನ ಮೇಲೆ ಕುಸಿದರು. ವಾಂತಿ ನಿಲ್ಲಲಿಲ್ಲ, ಹೊಟ್ಟೆಯಲ್ಲಿ ಕತ್ತರಿಸುವಂಥ ನೋವು. ಮಲ್ಲೇಶಪ್ಪನವರೇ ಗಾಡಿ ಮಾಡಿಸಿ ಹುಬ್ಬಳ್ಳಿಗೆ ಕರೆದೊಯ್ದರು. ಹೊಲಿಗೆ ಬಿಟ್ಟಿರಲಿಲ್ಲ, ಅಷ್ಟು ದೇವರು ದೊಡ್ಡವನು. ಸಲಾಯಿನ್ ಹಚ್ಚಿ ಮಲಗಿಸಿದರು.

"ನಾ ಪ್ರೀತಿಲೆ ನೀಡಿದ್ನಿರಿ," ಎಂದು ಮಲ್ಲೇಶಪ್ಪ ದವಾಖಾನೆಯ ವರಾಂಡದಲ್ಲಿ ಅತ್ತರಂತೆ. ಯಾರನ್ನು ಬೈಯುವುದು? ಮೈಲಾರಿಯೇ ಊರಿಗೆ ಕಲಿಸಿದ ಪಾಠವನ್ನು ಅವರು ಒಪ್ಪಿಸಿದ್ದರು. ಅವತ್ತು ಮಯೂರಿ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದ ಮಾತು ಮೈಲಾರಿಯವರಿಗೆ ಬಾಯಿಪಾಠವಾಗಿದೆ: "ನಿಮ್ಮ ಹೊಟ್ಟಿ ಈಗ ಒಮ್ಮೆನ ಸಾಕು ಅಂತದ, ಮೈಲಾರಿಯವರ. ಎರಡನೇ ಸಲ ಹೇಳೂದಿಲ್ಲ, ಹೊರಗ ಹಾಕ್ತದ."

ಒಂದೇ ಸಾಕು. ಅದನ್ನು ತಾನು ಕೇಳಿಸಿಕೊಳ್ಳುವುದು ಒಂದು ಕಷ್ಟ, ಎದುರಿನವರನ್ನು ನಂಬಿಸುವುದು ಇನ್ನೊಂದು ಕಷ್ಟ. ನಂಬದಿದ್ದರೆ ಜೀವಕ್ಕೆ ಸಂಚಕಾರ. ನಂಬಿಸಲು ಹೋದರೆ ಹೊಟ್ಟೆಪಾಡಿಗೆ ಸಂಚಕಾರ. ಏಕೆಂದರೆ ಮೈಲಾರಿ ಕೊನೆಯ ಪಂಕ್ತಿ ಬಿಟ್ಟು ಡಬ್ಬಿಯ ಊಟ ತರತೊಡಗಿದಾಗ ಊರಲ್ಲಿ ಗುಸುಗುಸು ಶುರುವಾಯಿತು. 'ತಾ ಮಾಡಿದ್ದು ತಾ ಉಣ್ಣಂಗಿಲ್ಲ ಅಂದ್ರ ಏನೋ ಐತಿ' ಎಂದರು. ಮಾತಾಗಿದ್ದ ಮದುವೆಗಳ ಕೆಲಸವೂ ಕೈತಪ್ಪಿತು. ನಮ್ಮ ಜನರ ನಾಲಿಗೆಗೆ ಯಾವ ಪಥ್ಯವೂ ಇಲ್ಲವಲ್ಲ, ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೈಲಾರಿಯವರಿಗೆ ಸಿಟ್ಟಿಲ್ಲ. "ಅವರದೇನು ತಪ್ಪ್ರಿ? ಅಡಗಿಯವ ಉಣ್ಣದ ಅಡಗಿ ಅಂದ್ರ ನಾನೂ ಸಂಶೇ ಪಡತಿದ್ನಿ."

ಆ ಸಂಶಯ ಕಳೆಯಲೆಂದೇ ಆಮೇಲೆ ಅವರು ಮತ್ತೆ ಕೊನೆಯ ಪಂಕ್ತಿಯಲ್ಲಿ ಕೂರತೊಡಗಿದರು. ಇವತ್ತೂ ಹಾಗೇ ಕೂರುತ್ತಾರೆ, ಅದಕ್ಕೆ ಮೊದಲು ಊಟದ ಮನೆಯಲ್ಲಿ ನಡೆದದ್ದನ್ನು ಹೇಳಬೇಕು.

ಮಧ್ಯಾಹ್ನ. ಇವತ್ತಿನ ಮದುವೆಯ ಯಜಮಾನರು ನೀಲಪ್ಪ, ಗಜೇಂದ್ರಗಡದಲ್ಲಿ ಸೀರೆ ನೇಯುವವರು, ಹೆಣ್ಣಿನ ತಂದೆ. ಮೈಲಾರಿ ಹುಗ್ಗಿಯ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿಯುತ್ತಾರೆ. ಗಂಡಿನ ಸೋದರತ್ತೆ ಸಕ್ರವ್ವ, ದೊಡ್ಡ ಮೈಯವರು, 'ಸಾಕ್ರಿ' ಎನ್ನುತ್ತಾರೆ. ಮೈಲಾರಿಯವರ ಸೌಟು ಅಲ್ಲೇ ನಿಲ್ಲುತ್ತದೆ. ನೀಡುವುದಿಲ್ಲ, ಮುಂದೆ ಹೋಗುವುದೂ ಇಲ್ಲ. ಸುಮ್ಮನೆ ನಿಂತಿರುತ್ತಾರೆ. ಸಕ್ರವ್ವ ತಲೆಯೆತ್ತಿ ನೋಡುತ್ತಾರೆ. "ಖರೇನ ಸಾಕಪ್ಪಾ, ಸಕ್ಕರಿ ಐತಿ ನನಗ." ಮೈಲಾರಿ ತಲೆ ಬಾಗಿಸಿ ಮುಂದಿನವರ ಹತ್ತಿರ ಹೋಗುತ್ತಾರೆ. ಆ ಮುಂದಿನವನು ನಾನು. ನಾನೂ ಸಾಕೆಂದೆ, ಅವರು ನಿಂತರು, ನಾನು ಮೇಲೆ ನೋಡಿದೆ, ಇನ್ನೊಂಚೂರು ಹಾಕ್ರಿ ಎಂದು ನಾನೇ ಕೇಳಿದೆ. ಇಡೀ ಸಾಲು ನಕ್ಕಿತು.

ನೀಲಪ್ಪನವರು ಮೈಲಾರಿಯವರನ್ನು ಕಂಬದ ಮರೆಗೆ ಕರೆಯುತ್ತಾರೆ. ಮುಖ ಕೆಂಪಗಾಗಿದೆ. "ಒಮ್ಮೆ ಅಂದಕೂಡ್ಲೆ ಹೋಗಿಬಿಟ್ರ ಹ್ಯಾಂಗೋ? ಬೀಗರ ಮುಂದ ನನ್ನ ಮಾನಾ ಏನಾಗಬೇಕು?"

"ಹೋಗಿಲ್ರಿ, ನಿಂತಿದ್ನಿ," ಎನ್ನುತ್ತಾರೆ ಮೈಲಾರಿ. "ಬೇಕಿದ್ದವರು ಮುಖ ನೋಡತಾರ. ಬ್ಯಾಡಾದವರು ತಾಟ ನೋಡತಾರ. ನಿಂತ್ರ ಗೊತ್ತಾಗತೈತ್ರಿ."

ನೀಲಪ್ಪನವರಿಗೆ ಸಮಾಧಾನವಾಗುವುದಿಲ್ಲ. ಆದರೆ ಕೈ ತೊಳೆದು ಬಂದ ಸಕ್ರವ್ವ ದಾರಿಯಲ್ಲೇ ನಿಂತು, "ಬೀಗರ, ಲಗ್ನದ ಊಟ ಉಂಡು ಗುಳಿಗಿ ಹುಡುಕದ ಇದ್ದದ್ದು ಇದ ಮೊದಲ ನೋಡ್ರಿ. ಚಲೋ ನೀಡಿಸೀರಿ," ಎಂದುಬಿಡುತ್ತಾರೆ. ನೀಲಪ್ಪನವರ ಹೆಗಲು ಕೆಳಗಿಳಿಯುತ್ತದೆ.

ಕೊನೆಯ ಪಂಕ್ತಿಗೆ ನೀಲಪ್ಪನವರೇ ನೀಡುತ್ತಾರೆ. ಮೈಲಾರಿ ತಾಟಿನಲ್ಲಿ ಎಲ್ಲವನ್ನೂ ಹಾಕಿಸಿಕೊಳ್ಳುತ್ತಾರೆ, ಎಲ್ಲವೂ ಚಮಚೆಯಷ್ಟು. ಹುಗ್ಗಿ ಮಾತ್ರ ಇಲ್ಲ. ಮೊದಲು ಕಾಳುಪಲ್ಯ, ಆಮೇಲೆ ಬದನೆಕಾಯಿ, ಕೊನೆಗೆ ರೊಟ್ಟಿಯ ಒಂದು ಚೂರು. ತುತ್ತು ಇಟ್ಟು ಕೈ ಕೆಳಗಿಡುತ್ತಾರೆ, ಅಗಿಯುತ್ತಾರೆ, ಯಜಮಾನರನ್ನು ಮಾತಾಡಿಸುತ್ತಾರೆ. ಪಂಕ್ತಿಯಲ್ಲಿ ಎಲ್ಲರದೂ ಆಗುವವರೆಗೆ ಯಾರೂ ಏಳುವಂತಿಲ್ಲ. ಎಲ್ಲರಿಗಿಂತ ಕಡಿಮೆ ಉಣ್ಣುವ ಮೈಲಾರಿಯೇ ಈಗ ಎಲ್ಲರಿಗಿಂತ ನಿಧಾನ. ಮದರಸಾಬ ಗೊಣಗುತ್ತಾರೆ: "ಮೊದಲ ನಮಗಿಂತ ಮುಂದ ಉಂಡು ಮುಗಸತಿದ್ದ, ಈಗ ನಮ್ಮ ಕೈ ಒಣಗೋತನಾ ಕುಂದರಸ್ತಾನ." ನೀಲಪ್ಪ ಬಕೆಟ್ಟು ಪಕ್ಕಕ್ಕಿಟ್ಟು ಅವರೆದುರು ನೆಲದ ಮೇಲೆ ಕೂತೇಬಿಟ್ಟಿದ್ದಾರೆ. ಮಗಳು ಹೊರಟುಹೋಗುವ ಸಂಕಟವನ್ನು ಅವರು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು ಎಂದು ನನಗೆ ಆಗ ತಿಳಿಯುತ್ತದೆ.

ಮದುವೆಯ ಮನೆಗಳು ಹೀಗೆ ಒಂದೊಂದಾಗಿ ಮತ್ತೆ ಬರುತ್ತಿವೆ. ಹೊಳೆಆಲೂರಿನ ಮಲ್ಲೇಶಪ್ಪನವರು ಎರಡನೆಯ ಮಗನ ಮದುವೆಗೂ ಇವರನ್ನೇ ಕರೆದಿದ್ದಾರೆ. ಆದರೂ ಒಂದು ಮನೆ ಇನ್ನೂ ನಂಬಿಲ್ಲ, ಅದು ಮೈಲಾರಿಯವರದೇ ಮನೆ. ಅದನ್ನು ನೋಡಬೇಕೆಂದೇ ಮರುದಿನ ಅವರ ಜೊತೆ ಹೊಳೆಮಣ್ಣೂರಿಗೆ ಹೋದೆ.

ತಾಯಿ ಫಕೀರವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಾರೆ. ಕೈ ಕಾಲು ಕಡ್ಡಿಯಂತಾಗಿವೆ. ಮಗನ ಆಪರೇಶನ್ ಆದಂದಿನಿಂದ ಆಕೆ ತನ್ನ ಊಟವನ್ನೂ ಅವನಷ್ಟಕ್ಕೇ ಇಳಿಸಿಬಿಟ್ಟಿದ್ದಾರೆಂದು ರಾಜೇಶ್ವರಿ ದಾರಿಯಲ್ಲೇ ಹೇಳಿದ್ದರು. "ಮಗಾ ಉಪವಾಸ ಇದ್ದಾಗ ನನಗೆಂಥಾ ಊಟ ಅಂತಾರ್ರಿ. ನಾ ಅವರಿಗೆ ಉಣ್ಣಾಕ ಹಾಕಂಗಿಲ್ಲ ಅಂತ ಓಣ್ಯಾಗೆಲ್ಲಾ ಹೇಳ್ಯಾರ." ಇಬ್ಬರ ಪಥ್ಯವನ್ನು ಒಬ್ಬಳೇ ನೋಡಿಕೊಳ್ಳುವ ರಾಜೇಶ್ವರಿಯ ಕಣ್ಣಲ್ಲಿ ನೀರಿತ್ತು.

ಊಟಕ್ಕೆ ಕೂರುತ್ತೇವೆ. ಮೈಲಾರಿ ಹೆಸರುಕಾಳು, ಮೊಸರು, ಕಾಲು ರೊಟ್ಟಿ ಉಣ್ಣುತ್ತಾರೆ. ಫಕೀರವ್ವ ಪಕ್ಕದಲ್ಲಿ ಕೂತು, ಇನ್ನೊಂದು ರೊಟ್ಟಿ ಮುರಿದು ಕೈಯಲ್ಲಿ ಹಿಡಿದಿದ್ದಾರೆ. "ಒಂದ್ ತುತ್ತಪ್ಪಾ."

"ಸಾಕವ್ವ."

ಮುದುಕಿ ನನ್ನತ್ತ ತಿರುಗುತ್ತಾರೆ. "ಇವ ಸಾಕು ಅಂದ್ರ ನಾ ನಂಬಾಂಗಿಲ್ರಿ. ಇವ ಸಣ್ಣಾಂವ ಇದ್ದಾಗ ಹೊಳಿ ಬಂತು. ನೆಲದಾಗಿನ ಹಗೇವಿಗೆ ನೀರ ಹೊಕ್ಕು ಜೋಳೆಲ್ಲಾ ಕೊಳತು. ಉಳದ ಹಿಟ್ಟಿನಾಗ ನಾಕ್ ರೊಟ್ಟಿ ಆಗಿದ್ವು. ಇವ ಅರ್ಧಾ ತಿಂದು, ಸಾಕವ್ವ, ಹೊಟ್ಟಿ ತುಂಬೇತಿ ಅಂದ. ನಾ ಖರೇ ಅಂತ ತಿಳದು ಸಣ್ಣ ಹುಡುಗರಿಗೆ ಹಾಕಿದ್ನಿ. ಹಿಂದ ಹೋಗಿ ನೋಡತೀನಿ, ಕೊಡದಾಗಿನ ನೀರ ಗಟಾಗಟಾ ಕುಡಿಯಾಕತ್ತಾನ. ಅವತ್ತಿನಿಂದ ಇವನ ಸಾಕು ನನ್ನ ಕಿವಿಗೆ ಇಳಿಯಂಗಿಲ್ಲ."

ಮೈಲಾರಿಯವರ ಕೈ ತಾಟಿನ ಅಂಚಿನಲ್ಲಿ ನಿಂತುಬಿಡುತ್ತದೆ. "ಅವ್ವ ನೋಡಿದ್ದು ನನಗ ಗೊತ್ತ ಇದ್ದಿಲ್ಲ," ಎನ್ನುತ್ತಾರೆ, ನನಗಲ್ಲ, ತಮಗೇ. ರಾಜೇಶ್ವರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾರೆ. ಇಂಥ ಬರಹಗಳ ಕೊನೆಗೆ ನಾವು ಕೇಳುವ ಪ್ರಶ್ನೆ ಒಂದಿರುತ್ತದೆ, ನಿಮಗೇನು ಆಸೆ ಎಂದು. ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಮೈಲಾರಿ ತಾಯಿಯ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಬಿಡಿಸಿ ತಾಟಿನಲ್ಲಿಟ್ಟರು. ಆ ಕೈಯನ್ನು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ಅವತ್ತ ಸುಳ್ಳ ಹೇಳಿದ್ನಿ, ಅವ್ವ. ಇವತ್ತ ಖರೇನ ತುಂಬೇತಿ."

ಫಕೀರವ್ವ ಮಗನ ಮುಖ ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ತಿರುಗಿದರು.

"ಹಂಗಾರ ನನಗೂ ತಾಟ ಹಚ್ಚ, ರಾಜವ್ವಾ. ಹಸಿವಿ ಆಗೇತಿ."